ನಲವತ್ತು ಹಿತ್ತಾಳೆ ಕೇಸು, ಅರ್ಧ ಗ್ಯಾರೇಜು

ಈ ಶನಿವಾರ ಇಡೀ ಟೆಕ್ಸಸ್ಸಿಗೆ ಒಂದು ಸತ್ಯವನ್ನು ಸಾಬೀತು ಮಾಡಿ ತೋರಿಸುತ್ತೇನೆ ಅಂತ ಸೋಮವಾರ ಬೆಳಗ್ಗೆ ಕಾಫಿ ಲೋಟ ಎತ್ತಿ ಹಿಡಿದು ಘೋಷಿಸಿದೆ.

"ಮೊದ್ಲು ಡಿಶ್‌ವಾಷರ್ ಖಾಲಿ ಮಾಡಿ" ಅಂದಳು ಕುಮುದಾ. ಮಹಾಪುರುಷರ ಹೆಂಡತಿಯರೆಲ್ಲ ಹೀಗೇ!

ವಿಷಯ ಇಷ್ಟೇ. ವಾರಕ್ಕೆ ಐದು ದಿನ ನಾನು ನಮ್ಮೂರು ಅಲೆನ್‌ನಿಂದ ಪ್ಲೇನೋದ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋಗಿ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸಾಮಾನ್ಯ ಮೋಹನರಾಜ. ಶನಿವಾರ ಬಂತೆಂದರೆ ರೈಫಲ್ ಹಿಡಿದು ಮುನ್ನೂರು ಗಜ ದೂರದ ಕಾಗದವನ್ನು ನಡುಗಿಸುವ ವೀರ! ಅಂಗಡಿಯಲ್ಲಿ ಸಿಗುವ ಗುಂಡು ನನಗೆ ಆಗುವುದಿಲ್ಲ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನು ಹೆಕ್ಕಿ ತಂದು, ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ನನ್ನ ಕೈಯಾರೆ ತಯಾರು ಮಾಡಿದ್ದೇ ಆಗಬೇಕು. ಇದಕ್ಕೆಂದೇ ಗ್ಯಾರೇಜಿನಲ್ಲಿ ಅರ್ಧ ಜಾಗಕ್ಕೆ ಬೆಂಚು ಹಾಕಿಸಿದ್ದೇನೆ. ಇನ್ನರ್ಧದಲ್ಲಿ ನನ್ನ ಕಾರು. ಕುಮುದಾಳ ಕಾರು ಹೊರಗೆ.

ಹೋದ ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದು ಆ ಕಾರಿನ ಬಾನೆಟ್ಟು ಇಡ್ಲಿ ತಟ್ಟೆಯಾಯಿತು. ಅವತ್ತಿನಿಂದ ನನ್ನ ಬೆಂಚಿನ ಮೇಲೆ ಅವಳ ಕಣ್ಣು.

ಈಗ ಸತ್ಯದ ಮಾತಿಗೆ ಬರುತ್ತೇನೆ. ಹಿತ್ತಾಳೆ ಕೇಸನ್ನು ಮತ್ತೆ ಮತ್ತೆ ಬಳಸಿದರೆ ಅದರ ಕತ್ತು ಗಡುಸಾಗುತ್ತದೆ. ಗ್ಯಾಸ್ ಟಾರ್ಚಿನ ಉರಿಯಲ್ಲಿ ಕತ್ತನ್ನು ಹದವಾಗಿ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇದೇ ಅನೀಲಿಂಗ್. ಮಾಡಿದರೆ ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತವೆ ಅಂತ ನನ್ನ ವಾದ. ಹುಬ್ಬಳ್ಳಿಯ ಶ್ರೀಶೈಲ್, ನನ್ನ ಶೂಟಿಂಗ್ ಜೊತೆಗಾರ, ಒಪ್ಪುವುದಿಲ್ಲ.

"ಮೋಹನಣ್ಣಾರ, ಅದರಿಂದ ಏನೂ ಫರಕ ಬೀಳಂಗಿಲ್ರಿ. ಸುಮ್ನ ಗ್ಯಾಸ್ ಸುಡಾಕತ್ತೀರಿ!"

ಭಾನುವಾರ ನಮ್ಮ ಗ್ಯಾರೇಜಿನಲ್ಲಿ ನಿಂತು ಅವನು ಹೀಗಂದಾಗ, ಹಾಗಾದರೆ ಪರೀಕ್ಷೆಯೇ ಆಗಲಿ ಅಂದೆ. ನಲವತ್ತು ಕೇಸು. ಇಪ್ಪತ್ತು ಸುಟ್ಟಿದ್ದು, ಇಪ್ಪತ್ತು ಸುಡದ್ದು. ಕುಮುದಾ ಒಳಗಿನಿಂದಲೇ ಶರತ್ತು ಸೇರಿಸಿದಳು.

"ಸುಟ್ಟಿದ್ದು ಗೆದ್ರೆ ನಾನು ಇನ್ನು ಬಾಯಿ ಬಿಡಲ್ಲ. ಸೋತ್ರೆ ಅರ್ಧ ಗ್ಯಾರೇಜು ನನ್ನದು. ಒಪ್ಪಿಗೇನಾ?"

"ಒಪ್ಪಿಗೆ!" ಎಂದು ಗುಡುಗಿದೆ.

ಬುಧವಾರ ಗ್ಯಾರೇಜಿನ ಬಾಗಿಲು ಅರ್ಧ ಎಳೆದು, ದೀಪ ಆರಿಸಿ, ಮಬ್ಬು ಬೆಳಕಿನಲ್ಲಿ ಇಪ್ಪತ್ತು ಕೇಸುಗಳನ್ನು ಒಂದೊಂದಾಗಿ ಉರಿಯಲ್ಲಿ ತಿರುಗಿಸಿದೆ. ಕತ್ತು ಮಂಕಾಗಿ ಕೆಂಪಾಗುತ್ತಲೇ ನೀರಿಗೆ ಚುಯ್ಯ್! ಆರಿದ ಮೇಲೆ ಕತ್ತಿನ ಸುತ್ತ ನೀಲಿ, ಕಂದು, ಕಪ್ಪು ಛಾಯೆ. ಎಂಥ ಚೆಲುವು! ಸುಟ್ಟಿದ್ದನ್ನು ಒಂದು ಡಬ್ಬಿಗೆ, ಸುಡದ್ದನ್ನು ಇನ್ನೊಂದು ಡಬ್ಬಿಗೆ ಹಾಕಿದೆ. ಚೀಟಿ ಅಂಟಿಸಲಿಲ್ಲ. ಬಣ್ಣವೇ ಗುರುತಾಗಿರುವಾಗ ಚೀಟಿ ಯಾತಕ್ಕೆ?

ಗುರುವಾರ ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಹಿತ್ತಿಲ ಪ್ಯಾಟಿಯೋದಲ್ಲಿ ಟವೆಲ್ಲಿನ ಮೇಲೆ ನಲವತ್ತು ಕೇಸುಗಳು ಚಿನ್ನದ ಹಾಗೆ ಫಳಫಳ! ಪಕ್ಕದಲ್ಲಿ ಹುಣಸೆಹಣ್ಣಿನ ಗಷ್ಟು, ಉಪ್ಪಿನ ಬಟ್ಟಲು, ಮೈಸೂರಿನಿಂದ ಬಂದು ಎರಡು ವಾರವಾಗಿದ್ದ ನಮ್ಮ ಅತ್ತೆ ಉಷಾರಾಣಿಯವರು.

"ದೇವರ ದೀಪ ತೊಳೀತಿದ್ದೆ, ಅಳಿಯಂದ್ರೇ. ನಿಮ್ಮ ಹಿತ್ತಾಳೆ ಸಾಮಾನೂ ಕಪ್ಪು ಹಿಡಿದಿತ್ತು. ಒಟ್ಟಿಗೇ ಬೆಳಗಿಬಿಟ್ಟೆ. ನೋಡಿ, ಮುಖ ಕಾಣುತ್ತೆ!"

ಮುಖ ಕಂಡಿತು. ಪೂರ್ತಿ ಬಿಳಿಚಿಕೊಂಡಿತ್ತು. ನೀಲಿ ಇಲ್ಲ, ಕಂದು ಇಲ್ಲ, ಕಪ್ಪು ಇಲ್ಲ! ಆದರೂ ಒಂದು ಆಸೆ ಉಳಿದಿತ್ತು. ಅತ್ತೆ ಒಂದೊಂದು ಡಬ್ಬಿಯದನ್ನು ಬೇರೆಬೇರೆಯಾಗಿ ತೊಳೆದು ಎರಡು ಸಾಲಾಗಿ ಜೋಡಿಸಿದ್ದರು. ಒಂದು ಸಾಲು ಸುಟ್ಟಿದ್ದು, ಒಂದು ಸಾಲು ಸುಡದ್ದು. ಯಾವುದು ಯಾವುದು?

ಕೇಳಿದ್ದರೆ ಮುಗಿದುಹೋಗುತ್ತಿತ್ತು ಅಂತೀರಾ? ನೀವು ಯಾರ ಮನೆ ಅಳಿಯನೂ ಅಲ್ಲ ಅಂತ ಕಾಣುತ್ತದೆ! ಅತ್ತೆಯನ್ನು ಅಳಿಯ ಹೀಗೆ ವಿಚಾರಿಸಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಆಕ್ಷೇಪಣೆಯಾಗುತ್ತದೆ. "ತೊಳೆದಿದ್ದು ಅಳಿಯಂದ್ರಿಗೆ ಹಿಡಿಸಲಿಲ್ಲ" ಅನ್ನುವ ಸುದ್ದಿ ಆ ರಾತ್ರಿಯೇ ವಾಟ್ಸಾಪಿನಲ್ಲಿ ಮೈಸೂರು ಮುಟ್ಟುತ್ತದೆ. ಮೇಲಾಗಿ ಕುಮುದಾಳಿಗೆ ಗೊತ್ತಾದರೆ ಪರೀಕ್ಷೆ ರದ್ದು, ಗ್ಯಾರೇಜು ಜಪ್ತಿ!

"ತುಂಬಾ ಚೆನ್ನಾಗಿ ತೊಳೆದಿದ್ದೀರಿ ಅತ್ತೆ" ಅಂದೆ, ಹಲ್ಲು ಕಚ್ಚಿಕೊಂಡು.

ಅತ್ತೆ ಒಳಗೆ ಹೋದ ಮೇಲೆ ಟವೆಲ್ಲಿನ ಮುಂದೆ ಮಂಡಿಯೂರಿ ಕೂತೆ. ಭೂತಗನ್ನಡಿ ಹಿಡಿದು ನೋಡಿದೆ. ಉಗುರಿನಿಂದ ತಟ್ಟಿ ಕಿವಿಗೊಟ್ಟೆ. ಮೂಸಿಯೂ ನೋಡಿದೆ, ಎಲ್ಲವೂ ಪುಳಿಯೋಗರೆ ಗೊಜ್ಜಿನ ವಾಸನೆ! ಕೊನೆಗೆ ಮುಂದಿನ ಸಾಲಿನಲ್ಲಿ ಏನೋ ಒಂದು ನೀಲಿ ಮಿಂಚು ಕಂಡಿತು. ಪಳಗಿದ ಕಣ್ಣಿಗೆ ಮಾತ್ರ ಕಾಣುವಂಥದ್ದು. ಮುಂದಿನ ಸಾಲೇ ಸುಟ್ಟಿದ್ದು! ತೀರ್ಮಾನವಾಯಿತು. ಈ ಸಲ ಡಬ್ಬಿಗಳಿಗೆ ಚೀಟಿಯನ್ನೂ ಅಂಟಿಸಿದೆ. ಶುಕ್ರವಾರ ರಾತ್ರಿ ಕೂತು ನಲವತ್ತಕ್ಕೂ ಮದ್ದು ತುಂಬಿ ಗುಂಡು ಕೂರಿಸಿದೆ.

ಶನಿವಾರ ಬೆಳಗ್ಗೆ ಶ್ರೀಶೈಲನ ಎದುರಿಗೇ ಹೊಡೆದೆ. 'ಸುಟ್ಟಿದ್ದು' ಅಂತ ಬರೆದ ಡಬ್ಬಿಯ ಇಪ್ಪತ್ತೂ ಗುಂಡು ಒಂದು ಉದ್ದಿನವಡೆಯಷ್ಟು ಜಾಗದಲ್ಲಿ ಕೂತವು. ಇನ್ನೊಂದು ಡಬ್ಬಿಯವು ಕಾಗದದ ತುಂಬ ಖಾರಾಬೂಂದಿ ಚೆಲ್ಲಿದ ಹಾಗೆ!

ಶ್ರೀಶೈಲ್ ಟೋಪಿ ತೆಗೆದ. "ಸೋತೆ ಬಿಡ್ರಿ ಮೋಹನಣ್ಣಾರ. ನಿಮ್ಮ ಸುಟ್ಟ ಹಿತ್ತಾಳಿಗೆ ಶರಣು! ನಾಳಿಂದ ನಾನೂ ಸುಡತೇನ್ರಿ."

ದಾರಿಯುದ್ದಕ್ಕೂ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ಮನೆಗೆ ಬಂದೆ. ಎರಡೂ ಕಾಗದಗಳನ್ನು ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯ ಎರಡೂ ಪಕ್ಕ ಹರಡಿದೆ.

"ಕುಮುದಾ, ಕಣ್ತುಂಬ ನೋಡು! ಒಂದೇ ಕಡೆ ಕೂತಿರೋದು ಸುಟ್ಟಿದ್ದು. ಚೆಲ್ಲಾಪಿಲ್ಲಿ ಆಗಿರೋದು ಸುಡದೇ ಇದ್ದಿದ್ದು. ಗ್ಯಾರೇಜಿನ ಮಾತು ಇನ್ನು ಎತ್ತಬೇಡ!"

ಅವಳ ಮುಖ ಸಣ್ಣಗಾಯಿತು. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು.

"ಅತ್ತೆ, ನೀವು ಬೆಳಗಿದ್ದಕ್ಕೇ ಇಷ್ಟು ಚೆನ್ನಾಗಿ ಬಂತು" ಅಂತ ಉದಾರಿಯಾಗಿ ಸೇರಿಸಿದೆ. "ಮುಂದಿನ ಸಾಲಲ್ಲಿ ಇಟ್ಟಿದ್ರಲ್ಲ, ಅವೇ ಇವು!"

ಅತ್ತೆ ಸೌಟು ಕೆಳಗಿಟ್ಟರು. "ಮುಂದಿನ ಸಾಲಾ? ಅದು ಕಪ್ಪಾಗದೇ ಇದ್ದಿದ್ದು ಅಳಿಯಂದ್ರೇ. ಸುಟ್ಟಿದ್ದನ್ನ ಎರಡೆರಡು ಸಲ ಉಜ್ಜಬೇಕಾಯ್ತು. ಅದಕ್ಕೇ ಹಿಂದಿನ ಸಾಲಲ್ಲಿ, ಬಿಸಿಲು ಬೀಳೋ ಕಡೆ ಇಟ್ಟಿದ್ದೆ."

ನಾನು ಮೆಲ್ಲಗೆ ಎರಡೂ ಕಾಗದಗಳನ್ನು ಸುರುಳಿ ಸುತ್ತತೊಡಗಿದೆ.

"ಅಂದ್ರೆ" ಅಂದಳು ಕುಮುದಾ ನಿಧಾನವಾಗಿ, "ಸುಡದೇ ಇದ್ದಿದ್ದು ಗೆದ್ದಿದೆ."

"ಇಲ್ಲ! ಡಬ್ಬಿ ಅದಲುಬದಲಾಗಿದೆ. ಪರೀಕ್ಷೆ ಅಸಿಂಧು!"

"ಅದಲುಬದಲು ಮಾಡಿದ್ದು ಯಾರು?"

"ಸಾಲು ಯಾವುದು ಅಂತ... ನಾನೇ ನೋಡಿ ಗುರುತು ಹಿಡಿದೆ."

"ಅಮ್ಮನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ನಲ್ಲ" ಅಂದರು ಅತ್ತೆ. "ಅಳಿಯಂದ್ರಿಗೆ ಮಾತು ಕಮ್ಮಿ."

ನಾನು ಜಗ್ಗಲಿಲ್ಲ. ಎದ್ದು ನಿಂತೆ. "ಒಂದು ಪರೀಕ್ಷೆಯಿಂದ ಏನೂ ತೀರ್ಮಾನ ಆಗಲ್ಲ! ಅನೀಲಿಂಗ್ ಮುಖ್ಯವೇ! ಬೆಂಚಿಗೆ ಯಾರೂ ಕೈ ಹಚ್ಚಕೂಡದು!"

"ಬೆಂಚು ಇರಲಿ ಬಿಡಿ" ಅಂದಳು ಕುಮುದಾ, ಬಹಳ ಮೆತ್ತಗೆ. "ಅರ್ಧ ಗ್ಯಾರೇಜು ನನ್ನದು ಅಂತ ಮಾತಾಗಿತ್ತು. ಯಾವ ಅರ್ಧ ಅಂತ ನಾನು ಹೇಳಿರಲಿಲ್ಲ."

ಬಾಗಿಲ ಪಕ್ಕದ ಬಟ್ಟಲಿನಿಂದ ನನ್ನ ಕಾರಿನ ಕೀ ತಗೊಂಡು ಹೋದಳು. ಐದು ನಿಮಿಷದಲ್ಲಿ ನನ್ನ ಕಾರು ಹೊರಗೆ ಡ್ರೈವ್‌ವೇಗೆ ಬಂತು, ಅವಳದು ಒಳಗೆ ಹೋಯಿತು.

ಮುಂದಿನ ಬುಧವಾರ ಸಂಜೆ, ನಾನು ಆಫೀಸಿನಿಂದ ಬಂದ ಮೇಲೆ, ಆಲಿಕಲ್ಲು ಬಿತ್ತು. ನಿಂಬೆಹಣ್ಣಿನ ಗಾತ್ರ! ಹತ್ತೇ ನಿಮಿಷ. ನಿಂತ ಮೇಲೆ ಮೂವರೂ ಹೊರಗೆ ಬಂದು ನನ್ನ ಕಾರಿನ ಸುತ್ತ ನಿಂತೆವು. ನನ್ನ ಹಟ ಮಾತ್ರ ಒಂದಿಷ್ಟೂ ತಗ್ಗಲಿಲ್ಲ.

"ಆದ್ರೂ ಹೇಳ್ತೀನಿ, ಅನೀಲಿಂಗ್ ಮುಖ್ಯ!"

ಕುಮುದಾ ಬಾನೆಟ್ಟಿನ ತಗ್ಗುಗಳನ್ನು ಬೆರಳಿಂದ ಸವರಿದಳು. ಬಾಗಿಲು ನೋಡಿದಳು, ಟಾಪು ನೋಡಿದಳು, ಡಿಕ್ಕಿಯನ್ನೂ ನೋಡಿದಳು.

"ಇರಬೇಕು ಕಣ್ರೀ. ನಿಮ್ಮ ಸುಟ್ಟ ಗುಂಡಿನ ಥರಾನೇ ಎಲ್ಲ ಚೆಲ್ಲಾಪಿಲ್ಲಿ ನೋಡಿ. ಈ ಆಲಿಕಲ್ಲನ್ನ ಯಾರೋ ಚೆನ್ನಾಗಿ ಅನೀಲ್ ಮಾಡಿ ಕಳ್ಸಿದ್ದಾರೆ!"