ಹಳದಿ ದಾರದ ಆರ್ಮ್ಸ್ ಡೀಲರ್

ಜಗತ್ತಿನ ಯಾವ ಸರ್ಕಾರವೂ ನನ್ನ ಮೈದುನನನ್ನು ಒಂದು ಮಾತು ಕೇಳುವುದಿಲ್ಲ. ಜಗತ್ತು ಹೀಗಾಗಿರುವುದೇ ಅದರಿಂದ! ಇದು ನನ್ನ ಅಭಿಪ್ರಾಯವಲ್ಲ, ಅವನದೇ. ಸಂಜೆಯಾದರೆ ಟೀವಿಯ ಮುಂದೆ ಕೂತು, ಯಾವುದೋ ದೂರದೇಶದ ಸೂಟುಧಾರಿ ಮಂತ್ರಿಗೆ "ಹಂಗಲ್ಲೋ ತಮ್ಮಾ" ಎಂದು ಬುದ್ಧಿ ಹೇಳುತ್ತಾನೆ. ಮಂತ್ರಿ ಇವನತ್ತ ತಿರುಗಿಯೂ ನೋಡದೆ ಮಾತು ಮುಂದುವರಿಸುತ್ತಾನೆ. ಮ್ಯಾನರ್ಸ್ ಇಲ್ಲದ ಜನ!

ಇವನಿಗೆ ಈ ಅಧಿಕಾರ ಕೊಟ್ಟವರು ಯಾರು ಅನ್ನುತ್ತೀರಾ? ಇವನೂ ಒಬ್ಬ ಆರ್ಮ್ಸ್ ಡೀಲರ್. ಹುನಗುಂದದ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮುಂದೆ ಕೊಡಲಿ, ಕುಡುಗೋಲು, ಈಳಿಗೆಗಳು ನೇತಾಡುತ್ತವೆ, ಹಿಂದೆ ಕುಲುಮೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಪಕ್ಕ ಕೂತು ಪಿಯಾನೋ ಕಲಿತ ನಾನು ಮದುವೆಯಾಗಿ ಬಂದದ್ದು ಈ ಆಯುಧಾಗಾರಕ್ಕೆ. ಕೈಹಿಡಿದವರು ಹೋಗಿ ಎಷ್ಟೋ ಕಾಲವಾಯಿತು. ಪಿಯಾನೋ ಬೆರಳುಗಳಿಂದ ಅದಕ್ಕೂ ಮೊದಲೇ ಹೋಗಿತ್ತು. ಉಳಿದವನು ಈ ಮೈದುನ, ಮದುವೆಯೇ ಆಗದ ಫಿಲಾಸಫರ್.

ಅವನ ಅಂಗಡಿಯಲ್ಲಿ ದುಡ್ಡು ಕೊಟ್ಟ ಮಾತ್ರಕ್ಕೆ ಕೊಡಲಿ ಸಿಗುವುದಿಲ್ಲ. ಮೊದಲು ಇಂಟರ್‌ವ್ಯೂ! ಬಂದವನು ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು, ಏನು ಕಡಿಯುತ್ತೇನೆಂದು ಬಾಯಿಬಿಟ್ಟು ಹೇಳಬೇಕು. "ಜಾಲಿ ಕಡೀತೇನ್ರಿ, ಮತ್ತೇನೂ ಕಡ್ಯಾಂಗಿಲ್ಲ." ಆಮೇಲೆ ಮೈದುನ ಹಿಡಿಕೆಗೊಂದು ಹಳದಿ ದಾರ ಕಟ್ಟಿ ಕೊಡುತ್ತಾನೆ. ಈ ಪದ್ಧತಿ ಎಲ್ಲಿಂದ ಬಂತು? ಟೀವಿಯಿಂದ. ಆತ್ಮರಕ್ಷಣೆಗೆ ಮಾತ್ರ ಬಳಸುತ್ತೇವೆಂದು ಬರೆಸಿಕೊಂಡು ಒಂದು ದೇಶ ಇನ್ನೊಂದಕ್ಕೆ ಕ್ಷಿಪಣಿ ಮಾರಿತಂತೆ. "ಅದಕ್ಕೆ ಎಂಡ್ ಯೂಸರ್ ಸರ್ಟಿಫಿಕೇಟ್ ಅಂತಾರೆ" ಎಂದು ನಾನೇ ಹೇಳಿಕೊಟ್ಟೆ. ಇಂಗ್ಲಿಷ್ ಕಲಿಸಿದ್ದಕ್ಕೆ ಅನುಭವಿಸಬೇಡವೇ?

ಒಮ್ಮೆ ಹೊಸ ಸೊಸೆಯೊಬ್ಬಳು ಈಳಿಗೆ ಕೊಳ್ಳಲು ಬಂದಳು.

"ಮನ್ಯಾಗ ಅತ್ತಿ ಅದಾಳೇನವಾ?"

"ಅದಾರ್ರಿ."

"ಹೆಂಗದೀರಿ ಇಬ್ರೂ?"

"ಚಲೋ ಅದೇವ್ರಿ. ಅವ್ರ ಕಳ್ಸ್ಯಾರ ನನ್ನ."

"ಹಂಗಾರ ಅವ್ರನ್ನೂ ಕರ್ಕೊಂಡು ಬಾ. ಎರಡೂ ಪಾರ್ಟಿ ಒಪ್ಪಬೇಕು."

ಅತ್ತೆ ಬಂದಳು. ಅಂಗಡಿಯ ಮುಂದೆ ನಿಂತು ಇವನ ವಂಶವನ್ನೇ ಜಾಲಾಡಿದಳು. ಪಕ್ಕದಲ್ಲಿ ನಿಂತ ಸೊಸೆಯೂ ದನಿ ಕೂಡಿಸಿದಳು. ಮೈದುನ ತೃಪ್ತಿಯಿಂದ ದಾರ ಕಟ್ಟಿದ. "ನೋಡಿದ್ರಿಲ್ಲೊ ವೈನಿ? ಇಬ್ರೂ ಒಂದಽ ಆದ್ರು!" ವೈನಿ ಅಂದರೆ ಅತ್ತಿಗೆ, ಅಂದರೆ ನಾನು.

ಇಂಥ ಕಟ್ಟುನಿಟ್ಟಿನವನ ಹತ್ತಿರ ಇಂಟರ್‌ವ್ಯೂ ಇಲ್ಲದೆ ಕೊಡಲಿ ಒಯ್ಯುತ್ತಿದ್ದವನು ಒಬ್ಬನೇ: ರಾಮಥಾಳದ ಕಡೆಯ ಗೌಡ. ಶಾಲೆಯಲ್ಲಿ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತವರು. ಈ ಗೌಡ ಜಗಳವಾಡದ ಮನುಷ್ಯನಿಲ್ಲ. ಹೊಲದ ಒಡ್ಡಿಗೆ ಜಗಳ, ನೀರಿಗೆ ಜಗಳ, ನಾಯಿ ಬೊಗಳಿದರೆ ನಾಯಿಯ ಜೊತೆ ಜಗಳ. ಆದರೆ ರಸ್ತೆ ಅಗಲ ಮಾಡುವ ನೆಪದಲ್ಲಿ ಪುರಸಭೆಯವರು ನಮ್ಮ ಅಂಗಡಿ ಎಬ್ಬಿಸಲು ಬಂದಾಗ, ಬಾಗಿಲಿಗೆ ಅಡ್ಡ ಮಲಗಿದವನೂ ಅವನೇ. ಅವತ್ತಿನಿಂದ ಅವನ ಕೊಡಲಿಗಳಿಗೆ ಮೈದುನ ಮೊದಲೇ ದಾರ ಕಟ್ಟಿ ಇಟ್ಟಿರುತ್ತಿದ್ದ. ನನ್ನ ಮೈದುನನಿಗೆ ದೋಸ್ತ ಅಂತ ಇದ್ದವನು ಅವನೊಬ್ಬನೇ.

ಹುಬ್ಬಳ್ಳಿಗೆ ಹೋಗಿ ನನ್ನ ಕಣ್ಣು ತೋರಿಸಿಕೊಂಡು ಬರುತ್ತಾ ಒಂದು ದಿನ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತೆವು. ಹೋಟೆಲಿನ ಟೀವಿಯಲ್ಲಿ ಯಾವುದೋ ಊರು ಉರಿಯುತ್ತಿತ್ತು. "ಜನರ ಮೇಲೆ ಬಾಂಬ್ ಹಾಕೋರಿಗೆ ಈ ದೊಡ್ಡ ದೇಶದವ್ರು ಯಾಕ ವಿಮಾನ ಮಾರ್ತಾರ? ಶೇಮ್‌ಲೆಸ್!" ಎಂದೆ.

ಮೈದುನ ಮಿರ್ಚಿ ಭಜಿಯ ತುದಿ ಮುರಿದ. "ನಾ ಕೊಡ್ಲಿಲ್ಲಂದ್ರ ಎದುರಿನಾಂವ ಕೊಡ್ತಾನ್ರಿ ವೈನಿ. ಮತ್ತ, ಕುಲುಮಿ ಉರೀಬೇಕಲ್ಲ? ಅದನ್ನ ನಂಬಿದ ಮನಿ ಎಷ್ಟದಾವ! ಇನ್ನ ನಮ್ಮ ಕಷ್ಟಕ್ಕ ಅಡ್ಡ ಮಲಗಿದಾಂವಗ ಇಲ್ಲ ಅನ್ನಾಕ ಬಾಯಾದ್ರೂ ಬರ್ತೈತೇನು? ಎಲ್ಲಾಕಿಂತ ದೊಡ್ಡದು ಕೇಳ್ರಿ, ಕೊಡ್ಲಿ ಮೊಂಡ ಆದ್ರ ಸಾಣಿ ಹಿಡಸಾಕ ಅಂವ ನನ್ನ ಕಡೇನ ಬರಬೇಕು. ಅವಾಗ ನಾಕು ಬುದ್ಧಿಮಾತು ಹೇಳಬಹುದು."

"ಎಂದಾದ್ರೂ ಹೇಳೀಯೇನು?"

ಮೈದುನ ಚಹಾ ಕುಡಿದ. ಬಹಳ ಹೊತ್ತು ಕುಡಿದ. ಕಪ್ಪು ಅಷ್ಟು ದೊಡ್ಡದಿರಲಿಲ್ಲ!

ಹೋಟೆಲಿನವ ನಮ್ಮಿಬ್ಬರ ಮುಖ ನೋಡಿ, "ಯಾರ ಆಸ್ತಿ ಜಗಳಾರೀ ಇದು?" ಅಂದ.

ಕೆಲವು ದಿನ ಕಳೆದ ಮೇಲೆ ಅಕ್ಕೋರು ನಮ್ಮ ಮನೆಗೆ ಬಂದರು. ರಿಟೈರ್ ಆದ ಟೀಚರ್, ಊರಿಗೆಲ್ಲ ಅಕ್ಕೋರು. ಅವರ ಹೊಲ ಗೌಡನ ಹೊಲಕ್ಕೆ ಅಂಟಿಕೊಂಡಿದೆ. ನಡುವಿನ ಒಡ್ಡಿನ ಮೇಲೆ ಅವರ ಯಜಮಾನರು ನೆಟ್ಟು ಹೋದ ಮಾವಿನ ಗಿಡಗಳ ಸಾಲು. ಅವುಗಳ ನೆರಳು ತನ್ನ ಉಳ್ಳಾಗಡ್ಡಿ ಬೆಳೆಯ ಮೇಲೆ ಬೀಳುತ್ತದೆಂದು ಗೌಡನ ತಕರಾರು. ನಮ್ಮ ಬಿಸಿಲಿನ ಸೀಮೆಯಲ್ಲಿ ನೆರಳಿನ ಮೇಲೆ ಯುದ್ಧ ಹೂಡಿದವನು ಬೇರೆ ಯಾರಾದರೂ ಇದ್ದಾನೆಯೇ?

ಅಕ್ಕೋರು ಚೀಲದಿಂದ ಒಂದು ಕೊಡಲಿ ತೆಗೆದು ಕಟ್ಟೆಯ ಮೇಲಿಟ್ಟರು. ಹಿಡಿಕೆಯ ಮೇಲೆ ಹಳದಿ ದಾರ.

"ಗೌಡ್ರ ಆಳುಗಳು ಒಂದು ಗಿಡ ಕೆಡವಿದ್ರು. ನಾ ಚೀರಿದಕೂಡ್ಲೆ ಇದನ್ನ ಒಗದು ಓಡಿದ್ರು. ನಿಮ್ಮ ದಾರ ನೋಡಿ ಗುರ್ತು ಹತ್ತಿತು. ನಿಮ್ಮನ್ನ ಬೈಯಾಕ ಬಂದಿಲ್ರಿ. ನಿಮ್ಮ ವಸ್ತು ನಿಮಗ ಮುಟ್ಟಿಸಾಕ ಬಂದೇನಿ. ಉಳಿದ ಗಿಡ ಇನ್ನೂ ಅದಾವ."

ಅಷ್ಟು ಹೇಳಿ ಹೋದರು. ಟೀವಿಯವರು ಉರಿದ ಊರಿನ ಬೂದಿಯಲ್ಲಿ ಬಾಂಬಿನ ಚೂರು ಹೆಕ್ಕಿ, ತಯಾರಿಸಿದ ದೇಶದ ಹೆಸರು ಓದಿ ತೋರಿಸುತ್ತಾರಲ್ಲ, ಹಾಗಾಯಿತು. ಮೈದುನ ದಾರ ಬಿಚ್ಚಲು ಹೋದ. ತಾನೇ ಹಾಕಿದ ಗಂಟು, ಬಿಚ್ಚಿಕೊಳ್ಳಲಿಲ್ಲ.

ಮರುದಿನ ನಾನು ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದಾಗಲೇ ಗೌಡ ಬಂದ.

"ಲೇ ದೋಸ್ತ, ಹೊಸಾ ಕೊಡ್ಲಿ ಕೊಡು. ವೈನಿ, ಆರಾಮದೀರೇನ್ರಿ?"

"ಇಲ್ಲ" ಅಂದ ಮೈದುನ.

"ಏನಿಲ್ಲ? ತಲಿ ಮ್ಯಾಲ ಜೋತಾಡಾಕತ್ತಾವಲ್ಲ!"

"ಅದಾವ. ನಿನಗ ಇಲ್ಲ."

ಗೌಡ ನಕ್ಕ. ಮೈದುನ ನಗಲಿಲ್ಲ.

"ನಿನ್ನ ಅಂಗಡಿ ಸಲುವಾಗಿ ನಾ ಬಾಗಿಲಿಗೆ ಅಡ್ಡ ಮಲಗೇನಲೇ!"

"ನೆನಪೈತಿ. ಸಾಯೂತನ ಇರ್ತೈತಿ. ಆದ್ರ ಕೊಡ್ಲಿ ಇಲ್ಲ. ಅಕ್ಕೋರ ಗಿಡ ಬಿಡು."

"ನೀ ಕೊಡ್ಲಿಲ್ಲಂದ್ರ ಊರಾಗ ಮತ್ತ್ಯಾರೂ ಇಲ್ಲೇನು?"

ಇದ್ದರು. ಗೌಡ ರಸ್ತೆ ದಾಟಿ ಎದುರಿನ ಅಂಗಡಿಯಲ್ಲಿ, ನಮ್ಮ ಕಣ್ಣೆದುರಿಗೇ, ಕೊಡಲಿ ಕೊಂಡು ಹೆಗಲಿಗೇರಿಸಿಕೊಂಡು ಹೋದ. ಇಂಟರ್‌ವ್ಯೂ ಇಲ್ಲ, ದಾರ ಇಲ್ಲ, ಮೇಲೆ ಡಿಸ್ಕೌಂಟ್ ಬೇರೆ!

"ನಾ ಹೇಳಿದ್ದು ಖರೆ ಆತಲ್ರಿ ವೈನಿ" ಅಂದ ಮೈದುನ. ತಾನು ಹೇಳಿದ್ದು ನಿಜವಾದಾಗ ಮುಖ ಅಷ್ಟು ಸಣ್ಣದು ಮಾಡಿಕೊಂಡವನನ್ನು ನಾನು ಕಂಡಿಲ್ಲ.

ಮುಂದಿನದನ್ನು ಯಾವ ವಿದೇಶಾಂಗ ಮಂತ್ರಿಯೂ ಮಾಡಿರಲಾರ. ಬೆಳಿಗ್ಗೆ ಎದ್ದವನೇ ಅಂಗಡಿಗೆ ಬೀಗ ಹಾಕಿ, ಮಡಚುವ ಕುರ್ಚಿ, ಛತ್ರಿ ಹಿಡಿದು ಅಕ್ಕೋರ ಒಡ್ಡಿಗೆ ಹೊರಟ. ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಸಿಕೊಂಡ.

"ಇಬ್ರಿಗೆ ಯಾಕೋ?"

"ಅಂವ ಬರ್ತಾನ್ರಿ. ಮೊದ್ಲ ಜಗಳಾಡ್ತಾನ, ಆಮ್ಯಾಲ ಉಣ್ತಾನ. ಸಣ್ಣಾಂವಿದ್ದಾಗಿಂದ ಹಂಗಽ."

ಸಂಜೆ ಬಿಸಿಲಿಗೆ ಕಪ್ಪಾಗಿ ಬಂದ. ಗೌಡನ ಆಳುಗಳು ಕೊಡಲಿ ಹಿಡಿದು ಬಂದರಂತೆ. ಗಿಡದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಯಜಮಾನನ ದೋಸ್ತನನ್ನು ಕಂಡು, ನಮಸ್ಕಾರ ಮಾಡಿ ಹೊಳ್ಳಿ ಹೋದರಂತೆ. ಒಂದು ಟೊಂಗೆಗೂ ಏಟು ಬಿದ್ದಿಲ್ಲ!

"ಕಂಗ್ರಾಚುಲೇಷನ್ಸ್!" ಎಂದು ಕೈ ಕುಲುಕಲು ಹೋದೆ. ಅವನು ಕೈಗೆ ಡಬ್ಬಿ ಕೊಟ್ಟ. ಭಾರವಾಗಿತ್ತು. ತೆರೆದು ನೋಡಿದರೆ ತನ್ನ ಪಾಲಿನ ರೊಟ್ಟಿಯನ್ನಷ್ಟೇ ತಿಂದಿದ್ದ. ಕೆಳಗಿನ ಡಬ್ಬಿಯಲ್ಲಿ ಎಣ್ಣೆಗಾಯಿ ನಾನು ಜೋಡಿಸಿದ ಹಾಗೇ ಇತ್ತು.

"ಆಳು ಬಂದ್ರು, ಅಂವ ಬರ್ಲಿಲ್ರಿ" ಅಂದ. ಕಾಲು ತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿಂದಲೇ, ನನ್ನ ಕಡೆ ತಿರುಗದೆ ಹೇಳಿದ:

"ನಾಳೆ ಖಾರ ಸ್ವಲ್ಪ ಮುಂದ ಮಾಡ್ರಿ, ವೈನಿ. ಅಂವಗ ಸಪ್ಪಂದು ಸೇರಾಂಗಿಲ್ಲ."