ಚಿಕ್ಕಪ್ಪನ ತಾರಸಿ ಹೊಲ

ನಮ್ಮ ಚಿಕ್ಕಪ್ಪನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಬಗೆಯ ಜನ: ಬೆರಳು ಮಡಚಿ ತೋರಿಸುವವರು, ಬೆರಳು ಚಾಚಿ ತೋರಿಸುವವರು. ಮೊದಲನೆಯವರಿಗೆ ನಮ್ಮ ತಾರಸಿಯಲ್ಲಿ ಕುರ್ಚಿ, ಚಹಾ ಎಲ್ಲ ಸಿಗುತ್ತದೆ. ಎರಡನೆಯವರಿಗೆ ಸಿಗುವುದು ಮೆಟ್ಟಿಲು!

ಎಳೆಯ ಕಾಯಿಗೆ ಬೆರಳು ತೋರಿಸಿದರೆ ಅದು ಬಳ್ಳಿಯಲ್ಲೇ ಕೊಳೆಯುತ್ತದೆಂದು ನೀವೂ ಚಿಕ್ಕಂದಿನಲ್ಲಿ ಕೇಳಿರುತ್ತೀರಿ. ಕೇಳಿ, ನಕ್ಕು, ಮರೆತಿರುತ್ತೀರಿ. ಚಿಕ್ಕಪ್ಪ ಮರೆತಿಲ್ಲ. ಒಮ್ಮೆ ಎದುರುಮನೆಯ ಖಾಲಾ, ನಮ್ಮ ಓಣಿಗೆಲ್ಲ ಬಟ್ಟೆ ಹೊಲಿದುಕೊಡುವವರು, ಮೇಲೆ ಬಂದರು. "ಎಷ್ಟು ಚಂದ ಐತ್ರೀ ಆ ಹೀರೇಕಾಯಿ!" ಎಂದು ಬೆರಳು ಎತ್ತಿದ್ದೇ ತಡ, ಚಿಕ್ಕಪ್ಪ "ಬೆರಳು! ಬೆರಳು!" ಎಂದು ಕೂಗಿದ ರಭಸಕ್ಕೆ ಅವರು ಹಾವೇ ಬಂತೆಂದು ಕುರ್ಚಿ ಹತ್ತಿ ನಿಂತರು. ಈಗ ಪಳಗಿದ್ದಾರೆ. ಗದ್ದದಿಂದ ತೋರಿಸುತ್ತಾರೆ.

ನನಗೆ ಮಾತ್ರ ಆ ರಿಯಾಯಿತಿಯೂ ಇಲ್ಲ. "ನೀನು ಬೆರಳು ಮಡಚಿದ್ರೂ ಅಷ್ಟೇ ಕಣೋ. ನಿನ್ನ ಮುಖದಾಗಿನ ಚಿಂತೆ ನೋಡಿದ್ರೇ ಹೀಚು ಉದುರ್ತಾವೆ. ಆ ಕಡೆ ತಿರುಗಿ ನಿಲ್ಲು!"

ಏನು ಮಾಡಲಿ? ಚಿಂತಿಸುವುದು ನನ್ನ ಕಸುಬು. ಕಚೇರಿಯ ಅರ್ಧ ದಾರಿಯಲ್ಲಿ ಗಾಡಿ ತಿರುಗಿಸಿ, ಮನೆಗೆ ಬೀಗ ಹಾಕಿದ್ದೇನೆಯೇ ಎಂದು ನೋಡಿ ಬರುವವನು ನಾನು. ಮನೆಯೊಳಗೆ ಹೆಂಡತಿ ಇದ್ದರೂ!

ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪ ಭಾನುವಳ್ಳಿಯ ಹೊಲವನ್ನು ಪಾಲಿಗೆ ಕೊಟ್ಟು, ದಾವಣಗೆರೆ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂದರು. ಬಂದವರು ಸುಮ್ಮನೆ ಕೂರಬೇಕಲ್ಲ! ಬಣ್ಣದ ಖಾಲಿ ಡಬ್ಬಿ, ಕೆಟ್ಟ ಕೂಲರ್, ನನ್ನ ಹಳೆಯ ಹೆಲ್ಮೆಟ್ಟು, ಎಲ್ಲದರಲ್ಲೂ ಏನಾದರೊಂದು ಮೊಳೆಯಿತು. ಮಣ್ಣು ಮಾತ್ರ ಊರಿನ ಕಾಲುವೆ ಬದಿಯದೇ ಆಗಬೇಕು. ಅದಕ್ಕೆಂದೇ ಬಸ್ಸಿನಲ್ಲಿ ಹೋಗಿ ಚೀಲ ತುಂಬಿಕೊಂಡು ಬರುತ್ತಿದ್ದರು. ಒಮ್ಮೆ ಜೊತೆಗೆ ನಾನೂ ಇದ್ದೆ. ಹರಿಹರ ದಾಟಿದ ಮೇಲೆ ಕಂಡಕ್ಟರ್ ಕೇಳಿದ:

"ಯಜಮಾನ್ರೇ, ಚೀಲದಾಗೆ ಏನೈತ್ರೀ?"

"ಮಣ್ಣು."

"ದಾವಣಗೆರ್‍ಯಾಗೆ ಮಣ್ಣಿಲ್ಲೇನ್ರೀ?"

"ಐತಪ್ಪಾ. ಅಲ್ಲಿರೋದೆಲ್ಲ ಸೈಟಿನ ಮಣ್ಣು. ಅದಕ್ಕೆ ಬೆಳೆಯೋದು ಮರ್ತುಹೋಗೈತೆ, ಬರೀ ಮಾರಾಟ ಆಗೋದು ಗೊತ್ತು."

ಇಷ್ಟೆಲ್ಲ ಬೆಳೆದು ತಿನ್ನುತ್ತೇವೆಯೇ? ಎಲ್ಲಿಯ ಮಾತು! ಈ ಕಾಯಿ ಬೀಜಕ್ಕೆ, ಆ ಕಾಯಿ ಇನ್ನೂ ಕೂಸು, ಅದರ ಪಕ್ಕದ್ದನ್ನು ಕಿತ್ತರೆ ಬಳ್ಳಿಗೆ ಬೇಜಾರು. ನನ್ನ ಹೆಂಡತಿ ತಾರಸಿಯಿಂದ ಇಳಿಬಿದ್ದ ನಮ್ಮದೇ ಹೀರೆಬಳ್ಳಿಯ ನೆರಳಲ್ಲಿ ನಿಂತು ತಳ್ಳುಗಾಡಿಯವನ ಹತ್ತಿರ ಹೀರೇಕಾಯಿ ಕೊಳ್ಳುತ್ತಾಳೆ. "ಮ್ಯಾಲೆ ಅಷ್ಟು ತೂಗ್ಯಾಡ್ತಾವಲ್ಲಕ್ಕಾ?" ಎಂದು ಅವನು ಕೇಳಿದರೆ, "ಅವು ನೆಂಟರು ಕಣಪ್ಪಾ, ತಿನ್ನಂಗಿಲ್ಲ" ಎನ್ನುತ್ತಾಳೆ.

ಹೀಗಿರುವಾಗ ನನ್ನ ಮಲಗುವ ಕೋಣೆಯ ಸೀಲಿಂಗಿನಲ್ಲಿ ಒಂದು ತೇವದ ಕಲೆ ಕಾಣಿಸಿತು. ಸರಿಯಾಗಿ ಮಂಚದ ಮೇಲೆ! ಮಲಗಿದರೆ ಅದೇ ಕಾಣುತ್ತದೆ. ಕಣ್ಣು ಮುಚ್ಚಿದರೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮೇಸ್ತ್ರಿ ಕೆಳಗಿನಿಂದಲೇ ಕತ್ತೆತ್ತಿ ನೋಡಿ ತೀರ್ಪು ಕೊಟ್ಟ: "ಕುಂಡದ ನೀರು ಸಾರ್. ಮಳೆ ಹಿಡಿಯೋದ್ರೊಳಗೆ ಎಲ್ಲಾ ತೆಗೆಸ್ರಿ. ನಾಳೆ ಬರ್ತೀನಿ."

ತೆಗೆಸುವುದು ಹೇಗೆ? ಚಿಕ್ಕಪ್ಪ ಬಂದ ದಿನವೇ ಹೇಳಿದ್ದರು: "ಕೈಯಾಡ್ಸಾಕೆ ಒಂದಿಷ್ಟು ಮಣ್ಣಿರೋ ತನಕ ಇರ್ತೀನಿ. ಇಲ್ಲಾಂದ್ರೆ ಊರಿನ ಬಸ್ಸು ಹತ್ತೋದೇ." ಊರಲ್ಲಿ ಅವರಿಗೆ ಒಲೆ ಹಚ್ಚಿಕೊಡುವವರೂ ಇಲ್ಲ. ಸೂರು ಉಳಿಸಿಕೊಳ್ಳಲೇ, ಚಿಕ್ಕಪ್ಪನನ್ನು ಉಳಿಸಿಕೊಳ್ಳಲೇ? ಸಂಜೆ ಗಟ್ಟಿ ಮನಸ್ಸು ಮಾಡಿ ಮೇಲೆ ಹೋದೆ.

ಹೀರೆಹೂವು ಅರಳುವ ಹೊತ್ತು ಅದು. ಬಿಸಿಲು ಇಳಿದಂತೆ ಚಪ್ಪರದ ತುಂಬ ಹಳದಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು, ಯಾರೋ ಕಾಣದ ಕೈಯಿಂದ ಒಂದೊಂದೇ ಮಡಿಕೆ ತೆಗೆದಂತೆ. ಸಂಜೆಮಲ್ಲಿಗೆಯ ಕಂಪಿಗೆ ರಸ್ತೆಯ ಹಾರನ್ನುಗಳೂ ಎಲ್ಲೋ ದೂರದ ಊರಿನವೆನಿಸಿದವು. ಹೇಳಬೇಕೆಂದುಕೊಂಡಿದ್ದ ಮಾತು ಬಾಯಲ್ಲೇ ನೆನೆದು ಮೆತ್ತಗಾಯಿತು.

"ಮಾತಾಡಬ್ಯಾಡ, ಕೂಡ್ರು" ಎಂದರು ಚಿಕ್ಕಪ್ಪ.

ಕೂರುವ ಮೊದಲು, ನನ್ನ ಮಂಚದ ನೇರಕ್ಕೆ ಕೂತಿರುವ ಆ ಅಪರಾಧಿ ಕುಂಡ ಯಾವುದೆಂದು ಹುಡುಕಿದೆ. ಕಾಲಿಡಲೂ ಜಾಗವಿಲ್ಲದ ಆ ಹಸಿರಿನ ನಡುವೆ ಅಲ್ಲೊಂದು ಕಡೆ ಮಾತ್ರ ಬರಿಯ ಸಿಮೆಂಟು! ಒಂದು ಕುಂಡವಿಲ್ಲ, ಡಬ್ಬಿಯಿಲ್ಲ. ಮಂಚದಷ್ಟೇ ಉದ್ದ, ಮಂಚದಷ್ಟೇ ಅಗಲ. ಅದರ ಅಂಚಿನಲ್ಲಿ ಹಾದುಹೋದ ಟ್ಯಾಂಕಿನ ಪೈಪಿನ ಜಾಯಿಂಟು ಮಾತ್ರ ತೊಟ್ಟಿಕ್ಕುತ್ತಿತ್ತು.

"ಚಿಕ್ಕಪ್ಪ, ಇಲ್ಲಿ ಯಾಕೆ ಏನೂ ಇಟ್ಟಿಲ್ಲ?"

ಅವರು ಬಳ್ಳಿಯಿಂದ ಕಣ್ಣು ತೆಗೆಯಲಿಲ್ಲ. "ಕೆಳಗೆ ನೀನು ಮಲಗ್ತೀಯಲ್ಲೋ. ಚಿಕ್ಕವನಿದ್ದಾಗ ಊರಾಗೆ ಮಾಳಿಗೆಯಿಂದ ಒಂದು ಹಿಡಿ ಮಣ್ಣು ಉದುರಿದ್ರೆ ಸಾಕು, ಚಾಪೆ ಎಳ್ಕೊಂಡು ನನ್ನ ಮಗ್ಗುಲಿಗೆ ಬರ್ತಿದ್ದೆ. ಭಯಸ್ಥ ನೀನು. ನಿನ್ನ ಮ್ಯಾಲೆ ಭಾರ ಹೆಂಗೆ ಇಡ್ಲಿ?"

ಮೇಸ್ತ್ರಿಗೆ ಫೋನ್ ಮಾಡಿ, ನಾಳೆ ನೀನು ಬರುವುದು ಬೇಡ, ಪ್ಲಂಬರ್ ಇದ್ದರೆ ಕಳಿಸು ಎಂದೆ. ಆಮೇಲೆ ಹೋಗಿ ಆ ಬರಿಯ ಸಿಮೆಂಟಿನ ಮೇಲೆ ಕುಳಿತೆ. ಹಗಲಿನ ಬಿಸಿ ಅದರಲ್ಲಿನ್ನೂ ಉಳಿದಿತ್ತು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಎದ್ದು, ತಾವು ಕೂತಿದ್ದ ಚಾಪೆ ಎಳೆದುಕೊಂಡು ನನ್ನ ಮಗ್ಗುಲಿಗೆ ಬಂದು ಕೂತರು.