ಹಂದನಕೆರೆ ರಸ್ತೆಯ ತಪ್ಪಿತಸ್ಥರು

ನಾನು ಒಳ್ಳೆಯ ಡ್ರೈವರ್. ಇಪ್ಪತ್ತು ವರ್ಷದಿಂದ ಈ ಮಾತನ್ನು ನಾನೇ ಹೇಳಿಕೊಂಡು ಬಂದಿದ್ದೇನೆ. ಬೇರೆ ಯಾರೂ ಹೇಳದಿದ್ದಾಗ ಇನ್ನೇನು ಮಾಡುವುದು?

ತಿಪಟೂರಿನ ಬಸ್ ಸ್ಟ್ಯಾಂಡ್ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ. ಜನರಿಗೆ ಅರ್ಜಿ ಬರೆದುಕೊಡುವುದೂ ಅಲ್ಲೇ. ಪಹಣಿ ತಿದ್ದುಪಡಿಯಿಂದ ಹಿಡಿದು ಪಕ್ಕದ ಮನೆ ಹುಂಜದ ಕಾಟದವರೆಗೆ ಯಾವ ವಿಷಯವನ್ನಾದರೂ "ಮಾನ್ಯರೇ, ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಶುರು ಮಾಡಿ ಒಂದು ಪುಟ ತುಂಬಿಸಬಲ್ಲೆ. ಹಂದನಕೆರೆ ಕಡೆ ನಮ್ಮದೊಂದು ಸಣ್ಣ ತೆಂಗಿನ ತೋಟವಿದೆ. ವಾರಕ್ಕೆ ಮೂರು ದಿನ ಕಾರಿನಲ್ಲಿ ಹೋಗಿ ಬರುತ್ತೇನೆ. ಆ ರಸ್ತೆಯಲ್ಲಿ ನನ್ನೊಬ್ಬನನ್ನು ಬಿಟ್ಟರೆ ಗಾಡಿ ಓಡಿಸಲು ಬರುವವರು ಯಾರೂ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು.

ನನ್ನ ಹೆಂಡತಿ ನಾಗರತ್ನ ಅದೇ ದಾರಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರ್. ದಿನಾ ಸ್ಕೂಟರಿನಲ್ಲಿ ಹೋಗುತ್ತಾಳೆ. ಕಳೆದ ವರ್ಷ ಒಂದು ಬೆಳಿಗ್ಗೆ, ಶಾಲೆಯ ಹತ್ತಿರದ ತಿರುವಿನಲ್ಲಿ, ತೆಂಗಿನ ಸಿಪ್ಪೆ ತುಂಬಿದ್ದ ಗೂಡ್ಸ್ ಆಟೊ ಒಂದು ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿತು. ನಾಗರತ್ನ ಅದನ್ನು ತಪ್ಪಿಸಲು ಹೋಗಿ ಚರಂಡಿಗೆ ಬಿದ್ದಳು. ಆಟೊ ನಿಲ್ಲದೆ ಹೊರಟುಹೋಯಿತು. ಅವಳ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಆ ಆರು ವಾರ ಅಡುಗೆ ನನ್ನದು. ಮೂಳೆ ಬೇಗ ಕೂಡಿಕೊಂಡಿದ್ದಕ್ಕೆ ಅದೇ ಕಾರಣ ಎಂದು ಅವಳು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಹೊತ್ತ ಹರಕೆಗಳ ಲೆಕ್ಕ ನನಗೆ ಮಾತ್ರ ಗೊತ್ತು. ಇನ್ನು ಮುಂದೆ ಈ ರಸ್ತೆಯ ತಪ್ಪಿತಸ್ಥರನ್ನು ಒಬ್ಬೊಬ್ಬರನ್ನೇ ಹಿಡಿದು ಸಾಕ್ಷಿ ಸಮೇತ ಪೊಲೀಸರಿಗೆ ಒಪ್ಪಿಸುತ್ತೇನೆ ಎಂದು ತೀರ್ಮಾನಿಸಿದೆ. ಕಾರಿಗೊಂದು ಕ್ಯಾಮೆರಾ ತರಿಸಿ ಮೆಕ್ಯಾನಿಕ್ ಸಾದಿಕ್ ಹತ್ತಿರ ಹೋದೆ. ಅವನು ಅದನ್ನು ಮುಂದಿನ ಗಾಜಿಗೆ ಅಂಟಿಸಿ, "ಪರಮೇಶಣ್ಣ, ಇದಕ್ಕೆ ಎರಡು ಕಣ್ಣು. ಒಂದು ಹೊರಗಡೆ..." ಎಂದು ಏನೋ ವಿವರಿಸತೊಡಗಿದ. ನಾನು ಆಗ ಫೋನಿನಲ್ಲಿದ್ದೆ.

"ಒಂದೋ ಎರಡೋ, ಚೆನ್ನಾಗಿ ಕಂಡ್ರೆ ಸಾಕು ಕಣಯ್ಯ" ಎಂದು ಹೇಳಿ ಕಾರು ಹತ್ತಿದೆ.

ಮೂರು ವಾರ ಕಾರ್ಯಾಚರಣೆ ನಡೆಯಿತು. ಕ್ಯಾಮೆರಾ ತನ್ನ ಪಾಡಿಗೆ ಚಿತ್ರ ಹಿಡಿಯುತ್ತಿತ್ತು. ನಾನು ತಪ್ಪು ಕಂಡ ಕೂಡಲೇ ದಿನ, ಸಮಯ, ಅಪರಾಧದ ಸ್ವರೂಪವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. "ಟ್ರ್ಯಾಕ್ಟರ್, ಹಿಂದೆ ದೀಪವಿಲ್ಲ." "ಬೈಕ್, ಮೂವರು ಮತ್ತು ಒಂದು ಮೇಕೆ." "ಬಸ್ಸು, ನಡುರಸ್ತೆಯಲ್ಲಿ ನಿಂತು ಡ್ರೈವರ್ ಎಳನೀರು ಕುಡಿದದ್ದು." ನೋಟ್‌ಬುಕ್ ತುಂಬುತ್ತಾ ಬಂದ ಹಾಗೆ ನನಗೆ ನನ್ನ ಮೇಲಿನ ಗೌರವವೂ ಹೆಚ್ಚುತ್ತಾ ಬಂತು.

ಆ ನಡುವೆ ಒಂದು ಸಂಜೆ ನಾಗರತ್ನ ಶಾಲೆಯಿಂದ ಬಂದವಳು ಬಾಗಿಲಲ್ಲೇ ಚಪ್ಪಲಿಯ ಕೆಸರು ಕುಟ್ಟುತ್ತಾ ನಿಂತಳು. ಸೀರೆಯ ಅಂಚಿಗೆಲ್ಲ ಕೆಸರು.

"ಯಾಕೆ? ಮತ್ತೆ ಯಾರಾದ್ರೂ ಅಡ್ಡ ಬಂದ್ರಾ?" ಅಂದೆ.

"ಹೂಂ. ಶಾಲೆ ತಿರುವಲ್ಲಿ ಒಂದು ಕಾರು. ಟ್ರ್ಯಾಕ್ಟರ್ ಓವರ್‌ಟೇಕ್ ಮಾಡ್ಕೊಂಡು ನನ್ನ ಕಡೆಗೇ ಬಂತು. ರಸ್ತೆ ಬಿಟ್ಟು ಇಳಿದೆ."

"ನಂಬರ್ ನೋಡ್ಕೊಂಡ್ಯಾ?"

"ನೋಡ್ಕೊಂಡೆ."

"ಅಂಥವನ ಲೈಸೆನ್ಸ್ ಕಿತ್ಕೊಂಡು ಮನೇಲಿ ಕೂರಿಸ್ಬೇಕು ಕಣೇ. ಹೆಂಡ್ತಿ ಮಕ್ಕಳಿಲ್ವೇನೋ ಅವನಿಗೆ."

"ಇದಾರೆ" ಎಂದು ಹೇಳಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ನನ್ನ ಕಾಳಜಿ ಕಂಡು ಮನಸ್ಸು ತುಂಬಿ ಬಂದಿರಬೇಕು ಅಂದುಕೊಂಡೆ.

ಎರಡು ದಿನ ಬಿಟ್ಟು ಅವಳೇ ಒಂದು ಸಲಹೆ ಕೊಟ್ಟಳು. "ರೀ, ಶನಿವಾರ ನಮ್ಮ ಶಾಲೇಲಿ ರಸ್ತೆ ಸುರಕ್ಷತೆ ಬಗ್ಗೆ ಸಭೆ ಇದೆ. ಎಸ್ಸೈ ಮೇಡಂ ಬರ್ತಾರೆ. ಮಕ್ಕಳ ತಂದೆತಾಯಿ, ಆಟೊದವ್ರು, ಟ್ರ್ಯಾಕ್ಟರ್‌ನವ್ರು ಎಲ್ಲ ಬರ್ತಾರೆ. ನಿಮ್ಮ ವಿಡಿಯೊ ಯಾಕೆ ತೋರಿಸ್ಬಾರ್ದು?"

ಇಂಥ ಅವಕಾಶವನ್ನು ಬಿಡುವವನೇ ನಾನು? ಆದರೆ ವಿಡಿಯೊ ತೆಗೆದು ನೋಡುವುದಾಗಲಿ, ಕತ್ತರಿಸಿ ಜೋಡಿಸುವುದಾಗಲಿ ನನಗೆ ಬಾರದು.

"ನೋಟ್‌ಬುಕ್ ಕೊಡಿ. ನೀವು ಬರೆದಿರೋ ಟೈಮ್ ನೋಡಿ ನಾನೇ ಮಾಡ್ತೀನಿ. ಪಾಪ, ನಿಮಗೆ ಅಂಗಡಿ ಕೆಲಸ ಇರುತ್ತೆ" ಅಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ನನಗೆ "ಪಾಪ" ಅಂದದ್ದು ಅದೇ ಮೊದಲು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದೆ. ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಮುಂದೆ ಎಸ್ಸೈ ಮೇಡಂ, ಹೆಡ್‌ಮೇಷ್ಟ್ರು, ಹಿಂದೆ ಊರಿನವರು, ಗೋಡೆಗೆ ಒರಗಿ ನಿಂತ ಡ್ರೈವರುಗಳು. ಹೆಡ್‌ಮೇಷ್ಟ್ರು ನನ್ನನ್ನು "ಜವಾಬ್ದಾರಿಯುತ ನಾಗರಿಕರು" ಎಂದು ಪರಿಚಯ ಮಾಡಿಸಿದರು. ನಾನು ಎದ್ದು ನಿಂತು, "ಸನ್ಮಾನ್ಯರೇ, ರಸ್ತೆಯೆಂಬುದು ನಮ್ಮ ಸಂಸ್ಕಾರದ ಕನ್ನಡಿ" ಎಂದು ಶುರು ಮಾಡಿ ಹತ್ತು ನಿಮಿಷ ಮಾತಾಡಿದೆ. ಗೋಡೆಗೆ ಒರಗಿದ್ದವರ ಕಡೆ ಆಗಾಗ ಬೆರಳು ತೋರಿಸಿದೆ. ಆಮೇಲೆ ನಾಗರತ್ನ ಟಿವಿ ಹಾಕಿದಳು.

ಮೊದಲ ದೃಶ್ಯದಲ್ಲಿ ಆ ಬೈಕು, ಮೂವರು, ಮೇಕೆ. ಜನ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಟಿವಿಯಿಂದ ಯಾರೋ ಬೈಯುವ ದನಿ ಕೇಳಿಸಿತು. ಬೈಕಿನವನ ಅಜ್ಜನಿಂದ ಶುರುವಾಗಿ ಮೇಕೆಯ ವಂಶದವರೆಗೆ ಹೋಯಿತು. ಯಾರಪ್ಪ ಈ ಅಸಭ್ಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ದನಿ ಗುರುತಾಯಿತು. ಒಂದನೇ ತರಗತಿಯ ಮಗುವಿನ ಕಿವಿಯನ್ನು ಅದರ ತಾಯಿ ಮುಚ್ಚಿದರು.

"ಕ್ಯಾಮೆರಾಕ್ಕೆ ಮೈಕೂ ಇದೆ ಅನ್ಸುತ್ತೆ" ಅಂದರು ಎಸ್ಸೈ ಮೇಡಂ.

ಎರಡನೇ ದೃಶ್ಯದಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್. ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಪರದೆಯ ಮೂಲೆಯಲ್ಲಿದ್ದ ಒಂದು ಸಣ್ಣ ಚೌಕದ ಮೇಲೆ. ಆ ಚೌಕದಲ್ಲಿ ಒಬ್ಬ ಮನುಷ್ಯ ಸೀಟ್ ಬೆಲ್ಟ್ ಹಾಕದೆ, ಎಡಗೈಯಲ್ಲಿ ಫೋನ್ ಹಿಡಿದು, "ಹೇಳಿ, ಹೇಳಿ, ಪರವಾಗಿಲ್ಲ, ಗಾಡಿ ಓಡಿಸ್ತಾ ಇದೀನಿ ಅಷ್ಟೇ" ಎನ್ನುತ್ತಿದ್ದ. ಸಾದಿಕ್ ಹೇಳಲು ಹೊರಟಿದ್ದ ಎರಡನೇ ಕಣ್ಣು ಯಾವುದು ಎಂದು ನನಗೆ ಆಗ ತಿಳಿಯಿತು.

ಮೂರನೆಯದರಲ್ಲಿ ಅದೇ ಮನುಷ್ಯ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಮೊಣಕೈಯಿಂದ ಸ್ಟೀರಿಂಗ್ ತಿರುಗಿಸುತ್ತಾ, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದ. ಎದುರಿಗೆ ಬಸ್ಸು ಬರುತ್ತಿತ್ತು.

"ನಾಗರತ್ನ, ಸಾಕು" ಅಂದೆ ಮೆಲ್ಲಗೆ.

"ಇನ್ನೊಂದೇ ಇದೆ ರೀ" ಅಂದಳು.

ನಾಲ್ಕನೇ ದೃಶ್ಯ ಶುರುವಾಯಿತು. ಶಾಲೆಯ ತಿರುವು. ಮುಂದೆ ಕಾಯಿ ತುಂಬಿದ ಟ್ರ್ಯಾಕ್ಟರ್ ನಿಧಾನ ಹೋಗುತ್ತಿದೆ. ಕಾರು ಒಂದೇ ಸಮನೆ ಹಾರ್ನ್ ಮಾಡುತ್ತಾ ಬಲಕ್ಕೆ ಬಂತು. ತಿರುವಿನಾಚೆಯಿಂದ ಒಂದು ಸ್ಕೂಟರ್ ಎದುರಾಯಿತು. ಹೆಲ್ಮೆಟ್ ಹಾಕಿದ್ದ ಹೆಂಗಸು, ಕಾಲಿನ ಹತ್ತಿರ ಟಿಫನ್ ಡಬ್ಬಿಯ ನೀಲಿ ಚೀಲ. ಸ್ಕೂಟರ್ ಓಲಾಡಿ, ರಸ್ತೆ ಬಿಟ್ಟು, ಕೆಸರಿಗೆ ಇಳಿಯಿತು. ಮೂಲೆಯ ಚೌಕದಲ್ಲಿದ್ದ ಮನುಷ್ಯ ತಿರುಗಿಯೂ ನೋಡದೆ, "ಇವರಿಗೆಲ್ಲ ಯಾರಪ್ಪ ಲೈಸೆನ್ಸ್ ಕೊಡೋದು" ಅಂದ.

ಆ ನೀಲಿ ಚೀಲಕ್ಕೆ ದಿನಾ ಬೆಳಿಗ್ಗೆ ಡಬ್ಬಿ ತುಂಬಿಸಿಡುವವನು ನಾನೇ. ಪ್ಲಾಸ್ಟರ್ ಕಾಲದಲ್ಲಿ ಶುರುವಾದ ಅಭ್ಯಾಸ.

ಕೋಣೆಯಲ್ಲಿ ಯಾರೂ ನಗಲಿಲ್ಲ. ನಾನು ನಾಗರತ್ನಳ ಕಡೆ ನೋಡಿದೆ.

"ನಿನಗೆ ಗೊತ್ತಿತ್ತಾ?"

"ನಂಬರ್ ನೋಡ್ಕೊಂಡೆ ಅಂದ್ನಲ್ಲ."

"ಮನೇಲೇ ಹೇಳ್ಬೋದಿತ್ತು."

"ಮನೇಲಿ ಹೇಳಿದ್ರೆ ಒಪ್ಕೋತಿದ್ರಾ? ನನಗೇ ಸ್ಕೂಟರ್ ಓಡಿಸೋಕೆ ಬರಲ್ಲ ಅಂತಿದ್ರಿ."

ಅದು ನಿಜ. ಅವಳ ವಿರುದ್ಧ ಒಂದು ಪುಟದ ಅರ್ಜಿಯನ್ನೇ ಬರೆಯುತ್ತಿದ್ದೆನೋ ಏನೋ. ಆಸ್ಪತ್ರೆಯ ಬೆಂಚು ನೆನಪಾಯಿತು. ಜನರ ಕಡೆ ತಿರುಗಿ ನಿಂತೆ. ಸಾವಿರಾರು ಅರ್ಜಿ ಬರೆದ ನನ್ನ ಬಾಯಿಂದ ಬಂದದ್ದು ಒಂದೇ ಪದ.

"ತಪ್ಪಾಯ್ತು" ಅಂದೆ. "ಇವಳಿಗೂ ಹೇಳ್ತೀನಿ, ನಿಮಗೂ ಹೇಳ್ತೀನಿ. ತಪ್ಪಾಯ್ತು."

ಗೋಡೆಯ ಹತ್ತಿರದಿಂದ ಒಬ್ಬ ಆಟೊ ಡ್ರೈವರ್ ಮುಂದೆ ಬಂದ. ರಂಗನಾಥ ಅಂತ ಹೆಸರು. ಕತ್ತು ಬಗ್ಗಿಸಿಕೊಂಡೇ ಮಾತಾಡಿದ.

"ಟೀಚರಮ್ಮ, ಹೋದ್ ವರ್ಷ ಸಿಪ್ಪೆ ಗಾಡೀಲಿ ಬಂದೋನು ನಾನೇ. ನೀವು ಬಿದ್ದಿದ್ದು ಕನ್ನಡೀಲಿ ಕಾಣಿಸ್ತು. ಹೆದರ್ಕೊಂಡು ನಿಲ್ಲಿಸ್ಲಿಲ್ಲ. ಇಷ್ಟ್ ದಿನ ನಿಮ್ಮ ಮುಖ ನೋಡಕ್ಕಾಗ್ದೆ ಬೇರೆ ದಾರೀಲಿ ಓಡಾಡ್ತಿದ್ದೆ."

ನಾಗರತ್ನ ಟಿವಿ ಆರಿಸಿದಳು. ಆಮೇಲೆ, "ಬೇರೆ ದಾರಿ ಬೇಡ ಕಣಪ್ಪ. ಇದೇ ದಾರೀಲೇ ಬಾ. ನಿಧಾನಕ್ಕೆ ಬಾ" ಅಂದಳು.

ಅಲ್ಲಿಂದ ಸಭೆಯ ರೀತಿಯೇ ಬದಲಾಯಿತು. ಟ್ರ್ಯಾಕ್ಟರಿನವನು ದೀಪ ಹಾಕಿಸುತ್ತೇನೆ ಅಂದ. ಬೈಕಿನವನು ಮೇಕೆಗೆ ಬೇರೆ ವ್ಯವಸ್ಥೆ ಮಾಡುತ್ತೇನೆ ಅಂದ. ಎಸ್ಸೈ ಮೇಡಂ ನನ್ನ ನಾಲ್ಕೂ ತಪ್ಪಿಗೆ ಅಲ್ಲೇ ದಂಡದ ರಸೀದಿ ಹರಿದುಕೊಟ್ಟು, "ಸಾರ್, ಈ ವಿಡಿಯೊ ನಮಗೊಂದು ಕಾಪಿ ಕೊಡಿ. ಹೊಸದಾಗಿ ಕಲಿಯೋರಿಗೆ ತೋರಿಸೋಕೆ ಇಷ್ಟು ಚೆನ್ನಾಗಿರೋದು ನಮ್ಮತ್ರ ಇಲ್ಲ" ಅಂದರು. ಊರಿನವರು ಸೇರಿ ರಸ್ತೆ ಉಬ್ಬು ಬೇಕೆಂದು ಅರ್ಜಿ ಕೊಡಲು ತೀರ್ಮಾನಿಸಿದರು. ಅದನ್ನು ಬರೆಯುವ ಗೌರವ ನನಗೆ ಸಿಕ್ಕಿತು. ಜೀವನದಲ್ಲಿ ಮೊದಲ ಸಲ ಅರ್ಧ ಪುಟದಲ್ಲಿ ಮುಗಿಸಿದೆ. ಎರಡೇ ತಿಂಗಳಲ್ಲಿ ತಿರುವಿನ ಎರಡೂ ಕಡೆ ಉಬ್ಬು ಬಂತು, ಬಿಳಿ ಪಟ್ಟೆಯೂ ಬಂತು. ಮಕ್ಕಳು ಕೈ ಎತ್ತಿ, ಗಾಡಿ ನಿಂತ ಮೇಲೆ ದಾಟುವುದನ್ನು ಕಲಿತರು. ಆ ತಿರುವಿನಲ್ಲಿ ಅಲ್ಲಿಂದೀಚೆಗೆ ಯಾರೂ ಬಿದ್ದಿಲ್ಲ.

ನಾನೂ ಕಲಿತೆ. ಸ್ವಲ್ಪ ಜಾಸ್ತಿಯೇ ಕಲಿತೆ.

ಮೊನ್ನೆ ತೋಟದಿಂದ ಬರುವಾಗ ಶಾಲೆ ಬಿಟ್ಟಿತ್ತು. ಮಕ್ಕಳು ಕೈ ಎತ್ತಿದರು, ನಿಂತೆ. ಇಡೀ ಶಾಲೆಯೇ ದಾಟಿತು. ಆಮೇಲೆ ಎರಡು ನಾಯಿ ದಾಟಿದವು. ಆಮೇಲೆ ಒಂದು ಕೋಳಿ, ಹಿಂದೆ ಅದರ ಮರಿಗಳು. ಕೊನೆಯ ಮರಿ ಬಿಳಿ ಪಟ್ಟೆಯ ಮೇಲೆ ನಿಂತು ಯೋಚನೆ ಮಾಡುತ್ತಿತ್ತು. ನಾನು ಕಾದೆ. ಹಿಂದೆ ಬಸ್ಸು ನಿಂತಿತ್ತು. ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದು ಗಾಜು ತಟ್ಟಿತು.

"ಯಾಕಪ್ಪ, ಗಾಡಿ ಕೆಟ್ಟೋಯ್ತಾ?"

"ಇಲ್ಲಜ್ಜಿ, ನಾನು..."

"ಸುಮ್ಕಿರು, ನಾಚ್ಕೋಬ್ಯಾಡ" ಎಂದು ಹೇಳಿ ಅಜ್ಜಿ ಬಸ್ಸಿನ ಕಡೆ ಕೈ ಬೀಸಿತು. ನಾಲ್ಕು ಜನ ಇಳಿದು ಬಂದು, ಕೋಳಿಮರಿಯನ್ನು ಎತ್ತಿ ಪಕ್ಕಕ್ಕಿಟ್ಟು, ನನ್ನ ಮಾತು ಮುಗಿಯುವ ಮೊದಲೇ ಕಾರು ತಳ್ಳತೊಡಗಿದರು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅಷ್ಟು ಶ್ರದ್ಧೆಯಿಂದ ತಳ್ಳುವವರಿಗೆ ಅದನ್ನು ಹೇಗೆ ಹೇಳುವುದು? ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಸೀಟ್ ಬೆಲ್ಟ್ ಹಾಕಿಕೊಂಡೇ, ಸುಮ್ಮನೆ ಕೂತೆ. ಊರಾಚೆಯವರೆಗೂ ತಳ್ಳಿ ಬಿಟ್ಟರು.